ಮೂರು ಕ್ಯಾಸೆಟ್ಟುಗಳಲ್ಲಿ ಹತ್ತು ವರ್ಷದ ತಿರುಗಾಟ: ಸ್ಪ್ರಿಂಗ್‌ಸ್ಟೀನ್ ಮತ್ತು ಇ ಸ್ಟ್ರೀಟ್ ಬ್ಯಾಂಡಿನ ‘ಲೈವ್ 1975–85’

‘ಲೈವ್ 1975–85’ ಎಂಬ ಹಾಡುಗಳ ಪೆಟ್ಟಿಗೆ 1986ರ ನವೆಂಬರ್ 10ರಂದು ಅಮೆರಿಕದಲ್ಲಿ ಬಿಡುಗಡೆಯಾದಾಗ ಐದು ಎಲ್‌ಪಿ, ಮೂರು ಸಿಡಿ ಅಥವಾ ಮೂರು ಕ್ಯಾಸೆಟ್ಟು, ಹೀಗೆ ಕೊಳ್ಳುವವರ ಅನುಕೂಲಕ್ಕೆ ತಕ್ಕಂತೆ ಮೂರು ರೂಪಗಳಲ್ಲಿ ಅಂಗಡಿಗೆ ಬಂತು. ನ್ಯೂಜೆರ್ಸಿಯ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹೆಚ್ಚಿನವನ್ನು ತಾವೇ ಕಟ್ಟಿ, ತಮ್ಮ ಇ ಸ್ಟ್ರೀಟ್ ಬ್ಯಾಂಡಿನೊಡನೆ ಹತ್ತು ವರ್ಷಗಳ ಕಾಲ ಊರೂರು ತಿರುಗಿ ವೇದಿಕೆಯ ಮೇಲೆ ಹಾಡಿದ ನಲವತ್ತು ಹಾಡುಗಳು ಇದರಲ್ಲಿವೆ. ಎಲ್ಲವನ್ನೂ ಕೇಳಿ ಮುಗಿಸಲು ಮೂರೂವರೆ ಗಂಟೆ ಬೇಕು. ಬಿಡುಗಡೆಯಾದ ಕೂಡಲೇ ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯನ್ನು ನೇರವಾಗಿ ಮೊದಲ ಸ್ಥಾನದಲ್ಲೇ ಪ್ರವೇಶಿಸಿದ ಈ ಪೆಟ್ಟಿಗೆಯ ಕ್ಯಾಸೆಟ್ ರೂಪವನ್ನು ನಾನು ಕಳೆದ ಆಟಿ ತಿಂಗಳಲ್ಲಿ, ಹಳೆಯ ಸಾಮಾನು ಮಾರುವ ಒಬ್ಬರಿಂದ ಎರಡು ಸಾವಿರದ ಇನ್ನೂರು ರೂಪಾಯಿಗೆ ಕೊಂಡುಕೊಂಡೆ. ಇಂದು ಇವೇ ಹಾಡುಗಳು ಮೊಬೈಲಿನಲ್ಲಿ ಸುಲಭವಾಗಿ ಸಿಗುತ್ತಿರುವಾಗ ಕ್ಯಾಸೆಟ್ಟಿಗೆ ಇಷ್ಟು ಹಣ ಕೊಟ್ಟದ್ದೇಕೆ ಎಂದು ಮನೆಯಲ್ಲಿಯೂ ಕೇಳಿದ್ದಾರೆ.

ಕಾಸರಗೋಡಿನ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿರುವ ನಮ್ಮ ಮನೆಗೆ ಈ ಹಾಡುಗಳು ಮೊದಲು ಬಂದದ್ದು ಗಲ್ಫಿನಲ್ಲಿ ದುಡಿಯುತ್ತಿದ್ದ ಸೋದರಮಾವನ ಪೆಟ್ಟಿಗೆಯಲ್ಲಿ. ಅವರು ತಂದದ್ದು ಅಸಲು ಕ್ಯಾಸೆಟ್ಟಾಗಿರಲಿಲ್ಲ. ಜತೆಗೆ ಕೋಣೆಯಲ್ಲಿದ್ದ ಯಾರಿಂದಲೋ ಇಸಿದುಕೊಂಡು ತೊಂಬತ್ತು ನಿಮಿಷದ ಟಿಡಿಕೆ ಕ್ಯಾಸೆಟ್ಟಿನ ಒಂದು ಬದಿಗೆ ಪ್ರತಿ ಮಾಡಿಕೊಂಡದ್ದು. ಖಾಲಿ ಉಳಿದ ಇನ್ನೊಂದು ಬದಿಗೆ, ಊರಿಗೆ ಬಂದ ಮೇಲೆ, ತಾವು ತಂದ ಟು ಇನ್ ವನ್ ರೇಡಿಯೊ-ಕ್ಯಾಸೆಟ್ ಪೆಟ್ಟಿಗೆಯನ್ನು ಚಾವಡಿಯ ಕಂಬದ ಬುಡದಲ್ಲಿಟ್ಟು ಒಂದು ತಾಳಮದ್ದಳೆಯನ್ನು, ಅಂದರೆ ವೇಷ, ಕುಣಿತವಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನವನ್ನು, ತುಂಬಿಸಿದ್ದರು. ಹೀಗಾಗಿ ಬಾಲ್ಯದಲ್ಲಿ ನನಗೆ ಸ್ಪ್ರಿಂಗ್‌ಸ್ಟೀನ್ ಮುಗಿದ ಕೂಡಲೇ ಕ್ಯಾಸೆಟ್ಟು ತಿರುಗಿಸಿದರೆ ಸಂಧಾನದ ಕೃಷ್ಣ ಮಾತನಾಡುತ್ತಿದ್ದ. ಈ ವಿಮರ್ಶೆಯಲ್ಲಿ ಭಾಗವತಿಕೆ (ಹಾಡುಗಾರಿಕೆ), ಹಿಮ್ಮೇಳ (ಹಾಡು, ವಾದ್ಯಗಳ ಬಳಗ) ಮುಂತಾದ ಯಕ್ಷಗಾನದ ಮಾತುಗಳು ಅಡಿಗಡಿಗೆ ಬಂದರೆ ಅದಕ್ಕೆ ಆ ಕ್ಯಾಸೆಟ್ಟೇ ಹೊಣೆ.

ಮೊದಲು ವಸ್ತುವಿನ ಸ್ಥಿತಿಯನ್ನು ಹೇಳಿಬಿಡುತ್ತೇನೆ. ಜಾಹೀರಾತಿನ ಚಿತ್ರದಲ್ಲಿದ್ದ ಪುಸ್ತಿಕೆ ನನ್ನ ಕೈಗೆ ಬಂದ ಪೆಟ್ಟಿಗೆಯಲ್ಲಿ ಇರಲಿಲ್ಲ. ಮೊದಲೆರಡು ಕ್ಯಾಸೆಟ್ಟುಗಳು ಚೆನ್ನಾಗಿದ್ದವು. ಮೂರನೆಯದರಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ, ತೆಳ್ಳನೆಯ ತಗಡಿಗೆ ಅಂಟಿಸಿದ ಫೆಲ್ಟಿನ ತುಂಡು ಉದುರಿಹೋಗಿತ್ತು. ಅದು ಇಲ್ಲದಿದ್ದರೆ ಧ್ವನಿ ಒಮ್ಮೆ ಹತ್ತಿರ, ಒಮ್ಮೆ ಗುಡ್ಡದ ಆಚೆಯಿಂದ ಕೇಳಿದಂತಿರುತ್ತದೆ. ಮೂಲೆಗಳಲ್ಲಿ ಸ್ಕ್ರೂ ಇದ್ದದ್ದರಿಂದ ಬಿಚ್ಚುವುದು ಕಷ್ಟವಾಗಲಿಲ್ಲ; ಅಟ್ಟದಲ್ಲಿದ್ದ ಹಾಳಾದ ಭಜನೆ ಕ್ಯಾಸೆಟ್ಟೊಂದರಿಂದ ತಗಡು ಸಮೇತ ಫೆಲ್ಟನ್ನು ಕಿತ್ತು, ಚಿಮಟಿಗೆಯಲ್ಲಿ ಹಿಡಿದು ಇಲ್ಲಿಗೆ ಕೂರಿಸಿದೆ. ಟೇಪಿನ ಅಂಚಿನಲ್ಲಿ ಅಲ್ಲಲ್ಲಿ ಬಿಳಿ ಬೂಸಲು ಇತ್ತು, ನಮ್ಮ ಮಳೆಗಾಲವನ್ನು ಒಮ್ಮೆಯಾದರೂ ಕಂಡ ಕ್ಯಾಸೆಟ್ಟುಗಳಿಗೆ ಅದು ಇದ್ದದ್ದೇ. ಪೆನ್ಸಿಲ್ ತೂರಿಸಿ ಕೈಯಿಂದ ಎರಡು ಸಲ ಮುಂದಕ್ಕೂ ಹಿಂದಕ್ಕೂ ಸುತ್ತಿ, ಹೆಡ್ಡನ್ನು ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿದ ಮೇಲೆ ನುಡಿಯಿತು. ಮಾರಿದವರಿಗೆ ಎರಡು ಸಲ ಬರೆದರೂ ಪುಸ್ತಿಕೆಯ ಬಗ್ಗೆ ಉತ್ತರ ಬಂದಿಲ್ಲ.

ಈಗ ಒಳಗಿರುವುದರ ವಿಚಾರ. ಮೊದಲ ಕ್ಯಾಸೆಟ್ಟು ತೊಡಗುವುದು ‘ಥಂಡರ್ ರೋಡ್’ ಹಾಡಿನಿಂದ. ಮೂಲ ಆಲ್ಬಮ್ಮಿನಲ್ಲಿ ಇಡೀ ಬ್ಯಾಂಡು ಏರುತ್ತ ಹೋಗುವ ಹಾಡು ಅದು. ಇಲ್ಲಿ ಮಾತ್ರ ಮೌತ್ ಆರ್ಗನ್ನು, ರಾಯ್ ಬಿಟನ್ ಅವರ ಪಿಯಾನೊ ಮತ್ತು ಒಂದು ಕಂಠ, ಹೆಚ್ಚುಕಡಿಮೆ ಅಷ್ಟರಲ್ಲೇ ಹಾಡು ನಡೆದುಹೋಗುತ್ತದೆ. ಇದನ್ನು ಮುದ್ರಿಸಿದ್ದು 1975ರ ಅಕ್ಟೋಬರ್ 18ರಂದು ಲಾಸ್ ಏಂಜಲೀಸಿನ ರಾಕ್ಸಿ ಎಂಬ ಸಣ್ಣ ಸಭಾಂಗಣದಲ್ಲಿ. ಅಲ್ಲಿ ಹಿಡಿಯುವುದು ಐನೂರರಷ್ಟು ಜನ. ಅದಾಗಿ ಒಂಬತ್ತು ದಿನಕ್ಕೆ, ಅಕ್ಟೋಬರ್ 27ರ ಸಂಚಿಕೆಗಳಲ್ಲಿ, ‘ಟೈಮ್’ ಮತ್ತು ‘ನ್ಯೂಸ್‌ವೀಕ್’ ಎರಡೂ ಪತ್ರಿಕೆಗಳ ಮುಖಪುಟದಲ್ಲಿ ಈ ಇಪ್ಪತ್ತಾರರ ಯುವಕನ ಚಿತ್ರ ಬಂತು. ಅದಕ್ಕೆ ಮುಂಚಿನ ಕಥೆ ಸುಖದ್ದಲ್ಲ. 1972ರಲ್ಲಿ ಹೊಸ ಪ್ರತಿಭೆಗಳನ್ನು ಹುಡುಕುತ್ತಿದ್ದ ನಿರ್ಮಾಪಕ ಜಾನ್ ಹ್ಯಾಮಂಡ್ ಅವರ ಕಣ್ಣಿಗೆ ಬಿದ್ದು ಕೊಲಂಬಿಯಾ ಕಂಪೆನಿಗೆ ಸೇರಿದರೂ 1973ರಲ್ಲಿ ಬಂದ ಎರಡು ಆಲ್ಬಮ್ಮುಗಳು ಹೆಚ್ಚು ಮಾರಾಟವಾಗಲಿಲ್ಲ. ಮೂರನೆಯದು ಕೊನೆಯ ಅವಕಾಶ ಎಂಬಂತಿದ್ದಾಗ ‘ಬಾರ್ನ್ ಟು ರನ್’ ಎಂಬ ಒಂದೇ ಹಾಡಿನ ಮುದ್ರಣಕ್ಕೆ ಆರು ತಿಂಗಳಷ್ಟು ಕಾಲ ಕಳೆದರು. ಆಲ್ಬಮ್ಮು ಗೆದ್ದಿತು, ಆದರೆ ಮರುವರ್ಷವೇ ವ್ಯವಸ್ಥಾಪಕರೊಡನೆ ವ್ಯಾಜ್ಯವಾಗಿ 1977ರವರೆಗೆ ಸ್ಟುಡಿಯೋದ ಬಾಗಿಲು ಮುಚ್ಚಿದಂತಾಯಿತು. ಮುದ್ರಣವಿಲ್ಲದ ಬ್ಯಾಂಡಿಗೆ ಹೊಟ್ಟೆಪಾಡು ವೇದಿಕೆಯೊಂದೇ. ಈ ಪೆಟ್ಟಿಗೆಯಲ್ಲಿ 1978ರ ಹಾಡುಗಳು ಬೇರೆಲ್ಲಕ್ಕಿಂತ ಹಸಿದಂತೆ ಕೇಳಿಸುವುದಕ್ಕೆ ಈ ಹಿನ್ನೆಲೆ ಕಾರಣವಿರಬೇಕೆಂದು ನನ್ನ ಊಹೆ.

ನನ್ನ ಮಟ್ಟಿಗೆ ಈ ಪೆಟ್ಟಿಗೆಯ ಬೆಲೆಯಿರುವುದು ಮಾತಿನಲ್ಲಿ. ಸ್ಪ್ರಿಂಗ್‌ಸ್ಟೀನ್ ಹಾಡಿನ ನಡುವೆ, ಇಲ್ಲವೇ ಹಾಡಿಗೆ ಮುಂಚೆ, ಹಿಂದಿನಿಂದ ಮೆಲ್ಲಗೆ ಶ್ರುತಿ ಹಿಡಿದ ವಾದ್ಯಗಳ ಮೇಲೆ ಮಾತನಾಡುತ್ತಾರೆ. ಅದು ಕಾರ್ಯಕ್ರಮ ನಿರೂಪಣೆಯ ಜಾತಿಯ ಮಾತಲ್ಲ. ಪದದ ಭಾವವನ್ನು ಎತ್ತಿಕೊಂಡು, ತನ್ನ ಅನುಭವದಿಂದ ಬೆಳೆಸಿ, ಮತ್ತೆ ಪದದ ಬಾಯಿಗೆ ತಂದು ಬಿಡುವ ಅರ್ಥಗಾರಿಕೆ. 1978ರ ರಾಕ್ಸಿಯ ‘ಗ್ರೋಯಿನ್ ಅಪ್’ ಹಾಡಿನಲ್ಲಿ, ತಂದೆಗೆ ತಾನು ವಕೀಲನಾಗಬೇಕೆಂದಿತ್ತು, ತಾಯಿಗೆ ಬರಹಗಾರನಾಗಬೇಕೆಂದಿತ್ತು, ಇಬ್ಬರೂ ಇವತ್ತು ಇದೇ ಸಭೆಯಲ್ಲಿದ್ದಾರೆ, ಇಬ್ಬರೂ ರಾಕ್ ಅಂಡ್ ರೋಲಿಗೆ ತೃಪ್ತಿಪಟ್ಟುಕೊಳ್ಳಬೇಕು ಎಂದು ಹೇಳಿ ಮುಗಿಸುವಾಗ ಬ್ಯಾಂಡು ಒಂದು ಮಾತ್ರೆಯೂ ಆಚೀಚೆಯಾಗದಂತೆ ಪದ ಎತ್ತುತ್ತದೆ. ಅಲ್ಲಿ ನಗುವಿದೆ. ಮೂರನೆಯ ಕ್ಯಾಸೆಟ್ಟಿನ ‘ದ ರಿವರ್’ ಹಾಡಿಗೆ ಮುಂಚಿನ ಮಾತು ಬೇರೆಯೇ ಬಗೆಯದು. ಕೂದಲು ಬೆಳೆಸಿದ ಹುಡುಗ, ರಾತ್ರಿ ಅಡುಗೆಮನೆಯ ಕತ್ತಲಲ್ಲಿ ಕಾದು ಕುಳಿತ ತಂದೆ, ದಿನವೂ ಜಗಳ, ಸೈನ್ಯಕ್ಕೆ ಹೋದ ಮೇಲೆ ನೀನು ಗಂಡಸಾಗುತ್ತೀ ಎಂಬ ತಂದೆಯ ಚುಚ್ಚುಮಾತು. ವಿಯೆಟ್ನಾಂ ಯುದ್ಧದ ಕಾಲ; ಕರೆ ಬರುತ್ತದೆ. ಮನೆಯವರಿಗೆ ತಿಳಿಸದೆ ಹೋಗಿ, ದೈಹಿಕ ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಮರಳುತ್ತಾನೆ. ಎಲ್ಲಿಗೆ ಹೋಗಿದ್ದೆ ಎಂದು ತಂದೆ ಕೇಳುತ್ತಾರೆ, ಮಗ ಹೇಳುತ್ತಾನೆ.

ಈ ಭಾಗವನ್ನು ನಾನು ಮಾವನಿಗೆ ಕೇಳಿಸಿದೆ. ಅವರಿಗೆ ಈಗ ಕಿವಿ ಸ್ವಲ್ಪ ಮಂದ, ಅಮೆರಿಕದ ಉಚ್ಚಾರ ಆಗಲೂ ತಿಳಿಯುತ್ತಿರಲಿಲ್ಲವಂತೆ. ಮೌತ್ ಆರ್ಗನ್ನು ತೊಡಗಿದಾಗ ಕೈ ಎತ್ತಿ ನಿಲ್ಲಿಸಲು ಹೇಳಿದರು.

“ಕಡೆಗೆ ಅವನ ಅಪ್ಪ ಎಂತ ಹೇಳಿದ್ದು?”

“ಒಳ್ಳೆಯದಾಯಿತು ಅಂತ ಹೇಳಿದರು ಮಾವ.”

“ಅಷ್ಟೆಯಾ?”

“ಅಷ್ಟೆ.”

ಹಿಂದಕ್ಕೆ ಸುತ್ತಿ ಇನ್ನೊಮ್ಮೆ ಹಾಕಲು ಹೇಳಿದರು. ನಮ್ಮಲ್ಲಿ ಒಳ್ಳೆಯ ಅರ್ಥಧಾರಿಗಳು ಹೀಗೆಯೇ, ಹತ್ತು ನಿಮಿಷ ಕಟ್ಟಿದ್ದನ್ನು ಒಂದು ಪದದಲ್ಲಿ ಇಳಿಸುತ್ತಾರೆ.

ಇಂಥ ಮಾತು ನಿಲ್ಲಬೇಕಾದರೆ ಹಿಂದೆ ಹಿಮ್ಮೇಳ ಬೇಕು. ಇ ಸ್ಟ್ರೀಟ್ ಎಂಬುದು ನ್ಯೂಜೆರ್ಸಿಯ ಬೆಲ್ಮಾರ್ ಎಂಬ ಊರಿನ ಒಂದು ಬೀದಿ; ಮೊದಲ ಪಿಯಾನೊ ವಾದಕ ಡೇವಿಡ್ ಸ್ಯಾನ್ಷಸ್ ಅವರ ತಾಯಿಯ ಮನೆ ಅಲ್ಲಿತ್ತು, ಹುಡುಗರು ಅಲ್ಲಿ ಅಭ್ಯಾಸ ಮಾಡುತ್ತಿದ್ದರು, ಬೀದಿಯ ಹೆಸರೇ ಬ್ಯಾಂಡಿಗೆ ಅಂಟಿಕೊಂಡಿತು. ಆರಂಭದಿಂದ ಇದ್ದವರು ಬಾಸ್ ಗಿಟಾರಿನ ಗ್ಯಾರಿ ಟ್ಯಾಲೆಂಟ್, ಆರ್ಗನ್ನಿನ ಡ್ಯಾನಿ ಫೆಡರೀಚಿ, ಸ್ಯಾಕ್ಸೊಫೋನಿನ ಕ್ಲಾರೆನ್ಸ್ ಕ್ಲೆಮನ್ಸ್. 1974ರಲ್ಲಿ ಪಿಯಾನೊಗೆ ಬಿಟನ್, ಡ್ರಮ್ಮಿಗೆ ಮ್ಯಾಕ್ಸ್ ವೈನ್‌ಬರ್ಗ್, ಮರುವರ್ಷ ಗಿಟಾರಿಗೆ ಸ್ಟೀವನ್ ವ್ಯಾನ್ ಜಾಂಟ್ ಬಂದರು. ‘ಬಾರ್ನ್ ಟು ರನ್’ ಮುಖಪುಟದಲ್ಲಿ ಸ್ಪ್ರಿಂಗ್‌ಸ್ಟೀನ್ ಯಾರ ಹೆಗಲಿಗೆ ಒರಗಿ ನಿಂತಿದ್ದಾರೋ ಅವರೇ ಕ್ಲೆಮನ್ಸ್. ಮೊದಲ ಕ್ಯಾಸೆಟ್ಟಿನಲ್ಲಿ ಸಾಹಿತ್ಯವೇ ಇಲ್ಲದ ‘ಪ್ಯಾರಡೈಸ್ ಬೈ ದ ಸಿ’ ಎಂಬ ತುಣುಕು ಪೂರ್ತಿಯಾಗಿ ಅವರ ಸ್ಯಾಕ್ಸೊಫೋನಿನದು. ನಾಯಕರು ಹಿಂದೆ ಸರಿದು ಹಿಮ್ಮೇಳವೇ ರಂಗಸ್ಥಳಕ್ಕೆ ಬಂದಂತಿದೆ.

ಮೂವತ್ತು ವರ್ಷ ಮೇಳಗಳಲ್ಲಿ ಮದ್ದಳೆ ಬಾರಿಸಿ ಈಗ ಅಡಿಕೆ ತೋಟ ನೋಡಿಕೊಂಡಿರುವ ನೆರೆಮನೆಯ ಭಾವನಿಗೆ ನಾನು ಎರಡನೆಯ ಕ್ಯಾಸೆಟ್ಟಿನ ‘ಕ್ಯಾಂಡೀಸ್ ರೂಮ್’ ಕೇಳಿಸಿದೆ. ಆ ಹಾಡು ತೊಡಗುವುದು ವೈನ್‌ಬರ್ಗ್ ಜೋಡಿ ಸಿಂಬಲ್ಲಿನ ಮೇಲೆ ಕೋಲಿನ ತುದಿಯಿಂದ ಎಬ್ಬಿಸುವ, ಜಿಟಿಜಿಟಿ ಮಳೆಯಂಥ ಸಣ್ಣ ಸದ್ದಿನಿಂದ. ಅದರ ಮೇಲೆ ಸ್ಪ್ರಿಂಗ್‌ಸ್ಟೀನ್ ಅರ್ಧ ಮಾತು ಅರ್ಧ ಹಾಡಾಗಿ ಪಿಸುಗುಡುತ್ತಾರೆ. ಆಮೇಲೆ ಒಮ್ಮೆಲೇ ಎಲ್ಲ ವಾದ್ಯಗಳೂ ಬೀಳುತ್ತವೆ. ಭಾವ ಕುರ್ಚಿಯ ಕೈಯ ಮೇಲೆ ಬೆರಳಾಡಿಸುತ್ತ ಕೇಳಿ, “ಇವ ಮಾತಿಗೆ ಜಾಗ ಬಿಟ್ಟು ಬಾರಿಸ್ತಾನೆ ಭಾವ. ಇದು ಹೇಳಿಕೊಟ್ಟು ಬರುವಂಥದ್ದಲ್ಲ, ಒಟ್ಟಿಗೆ ಹತ್ತು ತಿರುಗಾಟ ಆಗಬೇಕು,” ಎಂದರು. ವೈನ್‌ಬರ್ಗ್ ವೇದಿಕೆಯ ಮೇಲೆ ನಾಯಕರ ಮೇಲಿಟ್ಟ ಕಣ್ಣನ್ನು ಕೀಳುವುದಿಲ್ಲವೆಂದೂ ಅವರ ಕೈ ಸನ್ನೆಯೊಂದರಲ್ಲೇ ಹಾಡು ತಿರುಗುವುದುಂಟೆಂದೂ ನಾನು ಹೇಳುವ ಮೊದಲೇ ಬಂದ ಮಾತಿದು.

ಇದೇ ಕ್ಯಾಸೆಟ್ಟಿನಲ್ಲಿ ‘ಬಿಕಾಸ್ ದ ನೈಟ್’ ಇದೆ. ಅದನ್ನು 1978ರಲ್ಲಿ ಪ್ಯಾಟಿ ಸ್ಮಿತ್ ಹಾಡಿ ಪ್ರಸಿದ್ಧಗೊಳಿಸಿದ್ದರು. ಹಾಗೆಯೇ ಮೊದಲ ಕ್ಯಾಸೆಟ್ಟಿನ ‘ಫೈರ್’ ಪಾಯಿಂಟರ್ ಸಿಸ್ಟರ್ಸ್ ಅವರಿಂದ ಜನಪ್ರಿಯವಾಗಿತ್ತು. ಸ್ಪ್ರಿಂಗ್‌ಸ್ಟೀನ್ ಅವರ ಬಾಯಿಂದಲೇ ಈ ಎರಡು ಹಾಡುಗಳು ಮೊದಲು ಅಧಿಕೃತವಾಗಿ ಹೊರಬಂದದ್ದು ಈ ಪೆಟ್ಟಿಗೆಯಲ್ಲಿ.

ಪೆಟ್ಟಿಗೆಯ ನಡುವೆ ಬರುವ ‘ನೆಬ್ರಾಸ್ಕಾ’, ‘ಜಾನಿ 99’, ‘ರೀಸನ್ ಟು ಬಿಲೀವ್’ ಎಂಬ ಮೂರು ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಕೇಳುವುದರಲ್ಲಿ ಒಂದು ಔಚಿತ್ಯವಿದೆ. 1982ರ ಜನವರಿಯಲ್ಲಿ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್ ಎಂಬಲ್ಲಿ ತಾವಿದ್ದ ಬಾಡಿಗೆ ಮನೆಯಲ್ಲಿ, ಟಿಯಾಕ್ ಕಂಪೆನಿಯ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ರೆಕಾರ್ಡರಿನಲ್ಲಿ ಒಬ್ಬರೇ ಗಿಟಾರು ಹಿಡಿದು ಕುಳಿತು ಹಾಡುಗಳನ್ನು ತುಂಬಿಸಿದರು. ಬ್ಯಾಂಡಿಗೆ ಕಲಿಸಲು ಮಾದರಿಯಾಗಲಿ ಎಂಬುದಷ್ಟೇ ಉದ್ದೇಶ. ಅಂತಿಮ ಮಿಶ್ರಣವನ್ನು ಇಳಿಸಿಕೊಂಡದ್ದು ಒಂದು ಪ್ಯಾನಸೋನಿಕ್ ಟೇಪ್ ರೆಕಾರ್ಡರಿಗೆ, ಅಂದರೆ ನಮ್ಮ ಮಾವಂದಿರು ಗಲ್ಫಿನಿಂದ ಹೊತ್ತು ತಂದ ಪೆಟ್ಟಿಗೆಯ ದಾಯಾದಿಗೆ. ಆ ಕ್ಯಾಸೆಟ್ಟನ್ನು ಡಬ್ಬಿಯೂ ಇಲ್ಲದೆ ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು ವಾರಗಟ್ಟಲೆ ಓಡಾಡಿದರಂತೆ. ಸ್ಟುಡಿಯೋದಲ್ಲಿ ಇಡೀ ಬ್ಯಾಂಡು ಕೂಡಿ ನುಡಿಸಿದರೆ ಆ ಹಾಡುಗಳ ಜೀವ ಹೋಗುತ್ತಿತ್ತು. ಕೊನೆಗೆ ಕಿಸೆಯ ಕ್ಯಾಸೆಟ್ಟೇ ‘ನೆಬ್ರಾಸ್ಕಾ’ ಎಂಬ ಆಲ್ಬಮ್ಮಾಯಿತು. ಹಿಮ್ಮೇಳ ಎಲ್ಲಿ ಸುಮ್ಮನಿರಬೇಕು ಎಂಬುದನ್ನೂ ತಿಳಿದ ಬ್ಯಾಂಡು ಇದು ಎನ್ನಲು ಈ ಮೂರು ಹಾಡುಗಳು ಸಾಕು. ‘ಬಾರ್ನ್ ಇನ್ ದ ಯು.ಎಸ್.ಎ.’ ಹಾಡಿನ ಮೊದಲ ರೂಪವೂ ಇದ್ದದ್ದು ಅದೇ ಮನೆಯ ಮುದ್ರಣದಲ್ಲಿ ಎಂಬುದನ್ನು, ಮುಂದೆ ಆ ಹಾಡು ಕ್ರೀಡಾಂಗಣವನ್ನು ನಡುಗಿಸುವಾಗ ನೆನಪಿಡಬೇಕು.

ಮೂರನೆಯ ಕ್ಯಾಸೆಟ್ಟಿನ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ. 1984ರ ಜೂನ್ 4ರಂದು ಬಂದ ‘ಬಾರ್ನ್ ಇನ್ ದ ಯು.ಎಸ್.ಎ.’ ಆಲ್ಬಮ್ಮಿನ ಏಳು ಹಾಡುಗಳು ಅಮೆರಿಕದ ಮೊದಲ ಹತ್ತರ ಪಟ್ಟಿಗೆ ಏರಿ, ಐನೂರು ಜನರ ರಾಕ್ಸಿ ಹೋಗಿ ಎಪ್ಪತ್ತು ಸಾವಿರಕ್ಕೂ ಮಿಕ್ಕಿದ ಜನರ ಬಯಲು ಬಂದಿತ್ತು. ವ್ಯಾನ್ ಜಾಂಟ್ ಬಿಟ್ಟು ಹೋಗಿ ನಿಲ್ಸ್ ಲಾಫ್‌ಗ್ರೆನ್ ಬಂದಿದ್ದರು, ಹಾಡಿಕೆಗೆ ಪ್ಯಾಟಿ ಸ್ಕಿಯಾಲ್ಫಾ ಸೇರಿದ್ದರು. ಬಯಲಿನ ಗದ್ದಲಕ್ಕೆ ತಕ್ಕಂತೆ ಡ್ರಮ್ಮು ದೊಡ್ಡದಾಗಿದೆ, ಪಿಯಾನೊದ ಸೂಕ್ಷ್ಮಗಳು ಅದರಡಿ ಮುಳುಗಿವೆ. ಯುದ್ಧದಿಂದ ಮರಳಿ ಕೆಲಸ ಸಿಗದವನ ಗೋಳನ್ನು ಹೇಳುವ ಶೀರ್ಷಿಕೆ ಹಾಡನ್ನು ದೇಶಭಕ್ತಿಯ ಘೋಷಣೆಯೆಂದು ತಿಳಿದವರು ಆಗಲೇ ಬಹಳ ಮಂದಿ ಇದ್ದರು. 1984ರ ಚುನಾವಣಾ ಪ್ರಚಾರದಲ್ಲಿ ಅಧ್ಯಕ್ಷ ರೇಗನ್ ಅವರು ಸ್ಪ್ರಿಂಗ್‌ಸ್ಟೀನ್ ಹೆಸರನ್ನು ಎತ್ತಿಕೊಂಡದ್ದೂ ಇದೆ. ಏರುಪದದ ಅಬ್ಬರದಲ್ಲಿ ಪದದ ಅರ್ಥ ಕಳೆದುಹೋಗುವ ಅಪಾಯ ನಮಗೂ ಹೊಸದಲ್ಲ. ಆದರೂ ‘ಮೈ ಹೋಮ್‌ಟೌನ್’ ಹಾಡಿನಲ್ಲಿ ರೈಲುಹಳಿಯ ಆಚೆಗಿನ ಗಿರಣಿ ಮುಚ್ಚಿದ್ದನ್ನು, ಆ ಉದ್ಯೋಗಗಳು ಇನ್ನು ಮರಳಿ ಬಾರವೆಂಬ ಮಾತನ್ನು ಕೇಳುವಾಗ, ಕರಾವಳಿಯಲ್ಲಿ ಒಂದೊಂದಾಗಿ ಹೊಗೆ ನಿಂತ ಹಂಚಿನ ಕಾರ್ಖಾನೆಗಳು ಕಣ್ಣಮುಂದೆ ಬರುತ್ತವೆ.

ಇನ್ನೊಂದು ಸಣ್ಣ ವಿಷಯ. ‘ದ ರಿವರ್’ ಇರುವ ಲಾಸ್ ಏಂಜಲೀಸ್ ಮುದ್ರಣ 1985ರ ಸೆಪ್ಟೆಂಬರ್ 30ರದ್ದು. ಸರಿಯಾಗಿ ಮೂರು ವರ್ಷ ಕಳೆದು, 1988ರ ಸೆಪ್ಟೆಂಬರ್ 30ರಂದು, ಇದೇ ಬ್ಯಾಂಡು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಮಾನವ ಹಕ್ಕುಗಳ ತಿರುಗಾಟದಲ್ಲಿ ದಿಲ್ಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣಕ್ಕೆ ಬಂದಿತ್ತು. ಸ್ಟಿಂಗ್, ಪೀಟರ್ ಗೇಬ್ರಿಯಲ್, ಟ್ರೇಸಿ ಚಾಪ್ಮನ್, ಯೂಸು ಎನ್‌ಡೂರ್ ಜತೆಗಿದ್ದರು. ನಮ್ಮ ಮನೆಯ ಟಿಡಿಕೆ ಕ್ಯಾಸೆಟ್ಟು ಆಗ ದಿನವೂ ತಿರುಗುತ್ತಿತ್ತು, ಸುದ್ದಿ ಮಾತ್ರ ನಮಗೆ ತಲುಪಿದ್ದು ವರ್ಷಗಳ ಮೇಲೆ.

ಪೆಟ್ಟಿಗೆಯ ನಿಜವಾದ ದೋಷ ಕತ್ತರಿಯದು. ನಲವತ್ತು ಹಾಡುಗಳು ಬೇರೆ ಬೇರೆ ವರ್ಷ, ಬೇರೆ ಬೇರೆ ಊರಿನವು. ಚಪ್ಪಾಳೆಯ ಸದ್ದನ್ನು ಹೊಲಿಗೆಯಂತೆ ಬಳಸಿ ಒಂದೇ ರಾತ್ರಿಯ ಆಟವೆಂಬ ಭ್ರಮೆ ಹುಟ್ಟಿಸಿದ್ದಾರೆ. ‘ಜಂಗಲ್‌ಲ್ಯಾಂಡ್’ ಇಲ್ಲವೇ ಇಲ್ಲ. ಕ್ಲೆಮನ್ಸ್ ಅವರ ಅತಿ ದೀರ್ಘ, ಅತಿ ಗಂಭೀರ ವಾದನವಿರುವ ಹಾಡನ್ನು ಬ್ಯಾಂಡಿನ ಹೆಸರಿರುವ ಸಂಗ್ರಹದಿಂದ ಬಿಟ್ಟದ್ದಕ್ಕೆ ಸಮರ್ಥನೆ ಕಾಣುವುದಿಲ್ಲ. ‘ಬ್ಯಾಕ್‌ಸ್ಟ್ರೀಟ್ಸ್’ ಹಾಡಿನ ನಡುವೆ 1978ರಲ್ಲಿ ಬರುತ್ತಿದ್ದ ದೀರ್ಘ ಆಲಾಪದಂಥ ಮಾತಿನ ಭಾಗವನ್ನು ಕತ್ತರಿಸಿದ್ದಾರೆ. ಮಾತನ್ನೂ ಹಾಡನ್ನೂ ಒಟ್ಟಿಗೆ ಉಳಿಸಿಕೊಂಡಲ್ಲೆಲ್ಲ ಗೆದ್ದ ಸಂಗ್ರಹ, ಅದೇ ಮರ್ಯಾದೆಯನ್ನು ಇಲ್ಲಿ ಮುರಿದದ್ದು ವಿಚಿತ್ರ. ಇಡೀ ಒಂದು ರಾತ್ರಿಯನ್ನು ಕೇಳಬೇಕೆಂಬವರಿಗೆ ಈಗ ಬೇರೆ ದಾರಿಯಿದೆ: 2014ರಿಂದೀಚೆಗೆ ಸ್ಪ್ರಿಂಗ್‌ಸ್ಟೀನ್ ತಮ್ಮ ಹಳೆಯ ಕಛೇರಿಗಳನ್ನು ಪೂರ್ತಿಯಾಗಿ ಮಾರಾಟಕ್ಕೆ ಇಡುತ್ತಿದ್ದಾರೆ, 1978ರ ಜುಲೈ 7ರ ರಾಕ್ಸಿಯೂ ಅದರಲ್ಲಿದೆ.

ಪೆಟ್ಟಿಗೆಯ ಆಚೆಗಿನ ಕಥೆಯನ್ನು ಚಿಕ್ಕದಾಗಿ ಹೇಳಬಹುದು. 1989ರಲ್ಲಿ ಸ್ಪ್ರಿಂಗ್‌ಸ್ಟೀನ್ ಒಬ್ಬೊಬ್ಬರಿಗೂ ಫೋನು ಮಾಡಿ ಮೇಳವನ್ನು ಬಿಟ್ಟುಕೊಟ್ಟರು; ಹತ್ತು ವರ್ಷ ಕಳೆದು 1999ರಲ್ಲಿ ವ್ಯಾನ್ ಜಾಂಟ್ ಸಮೇತ ಎಲ್ಲರನ್ನೂ ಕರೆದು ಮತ್ತೆ ತಿರುಗಾಟಕ್ಕೆ ಹೊರಟರು. ಫೆಡರೀಚಿ 2008ರಲ್ಲಿ, ಕ್ಲೆಮನ್ಸ್ 2011ರಲ್ಲಿ ತೀರಿಕೊಂಡರು. ಕ್ಲೆಮನ್ಸ್ ಅವರ ಜಾಗದಲ್ಲಿ ಈಗ ಸ್ಯಾಕ್ಸೊಫೋನು ಹಿಡಿದು ನಿಲ್ಲುವುದು ಅವರ ಸೋದರರ ಮಗ ಜೇಕ್. 2012ರಲ್ಲಿ ಹೆಲ್ಸಿಂಕಿಯಲ್ಲಿ ನಾಲ್ಕು ಗಂಟೆ ಆರು ನಿಮಿಷ ಹಾಡಿದ್ದೇ ಅವರ ಅತಿ ದೀರ್ಘ ಕಛೇರಿ. ಬೆಳಗಿನ ಜಾವದ ಮಂಗಳದವರೆಗೆ ಕುಳಿತು ರೂಢಿಯಿರುವ ನಮಗೆ ಅದು ದೊಡ್ಡದೆನಿಸದಿದ್ದರೂ, ಆಗ ಹಾಡಿದವರ ವಯಸ್ಸು ಅರವತ್ತೆರಡು.

ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು. ಧ್ವನಿಯೊಂದೇ ಮುಖ್ಯವಾದರೆ ಸಿಡಿ ಸಾಕು; ಪುಸ್ತಿಕೆ, ಚಿತ್ರಗಳು ಬೇಕಾದರೆ ಎಲ್‌ಪಿ ಪೆಟ್ಟಿಗೆಯನ್ನು ಹುಡುಕಿ, ಆದರೆ ಹಣ ಕೊಡುವ ಮೊದಲು ಪುಸ್ತಿಕೆಯ ಬಿಡಿ ಚಿತ್ರ ಕಳುಹಿಸಲು ಹೇಳಿ. ಕ್ಯಾಸೆಟ್ಟೇ ಬೇಕೆಂಬ ಹಟವಿದ್ದರೆ ಮೂರನ್ನೂ ಬೆಳಕಿಗೆ ಹಿಡಿದು ಫೆಲ್ಟು ಇದೆಯೇ ನೋಡಿ, ಸ್ಕ್ರೂ ಇಲ್ಲದೆ ಅಂಟಿಸಿ ಮುಚ್ಚಿದವನ್ನು ಬಿಟ್ಟುಬಿಡಿ, ಮಳೆಗಾಲದಲ್ಲಿ ಅಕ್ಕಿ ಡಬ್ಬಿಯ ಪಕ್ಕದಂಥ ಒಣ ಜಾಗದಲ್ಲಿ ಇಡಿ. ಮೊದಲೆರಡು ಕ್ಯಾಸೆಟ್ಟುಗಳಿಗೆ ನಾನು ಕೊಟ್ಟ ಬೆಲೆ ಸಂದಿದೆ. ಮೂರನೆಯದರಲ್ಲಿ ‘ದ ರಿವರ್’ ಭಾಗವಷ್ಟೇ ಮತ್ತೆ ಮತ್ತೆ ತಿರುಗುತ್ತಿದೆ, ಅದೂ ಹೆಚ್ಚಾಗಿ ಮಾವ ಬಂದ ದಿನ. ಭಜನೆ ಕ್ಯಾಸೆಟ್ಟಿನ ಫೆಲ್ಟು ಈವರೆಗೆ ಬಿದ್ದಿಲ್ಲ.